ಪ್ರದರ್ಶನದ ಅಸೀಲ್: ನಾನು ಹುಂಜಕ್ಕಿಂತ ಹೇಂಟೆಯನ್ನೇ ಜಾಸ್ತಿ ನೋಡುತ್ತೇನೆ

ನಾನು ಸಾಕುವುದು ಗಿಳಿ ಮೂಗಿನ, ಉದ್ದ ಬಾಲದ ಅಸೀಲ್ ತಳಿಯ ಕೋಳಿ. ಪಂದ್ಯಕ್ಕಲ್ಲ. ಇದನ್ನು ಮೊದಲೇ ಹೇಳಬೇಕು, ಯಾಕಂದ್ರೆ ಫೋನ್ ಮಾಡುವ ಬಹಳ ಜನ "ಅಣ್ಣಾ, ಹುಂಜ ಹೊಡೆದಾಡ್ತದೇನ್ರಿ?" ಅಂತಲೇ ಮಾತು ಶುರು ಮಾಡುತ್ತಾರೆ. ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲೇ ಅಪರಾಧ, ನನಗೆ ಅದರ ಹುಚ್ಚೂ ಇಲ್ಲ. ನನ್ನ ಹುಚ್ಚು ಬೇರೆ: ನಿಂತ ನಿಲುವು, ಬಾಗಿದ ಗಿಡ್ಡ ಕೊಕ್ಕು, ಬಿಳಿ ಕಣ್ಣು, ನೆಲ ಮುಟ್ಟುವ ಬಾಲ. ತಮಿಳುನಾಡಿನ ಕಡೆ ಇಂಥ ಕೋಳಿಗೇ ಪ್ರದರ್ಶನ ಇಡುತ್ತಾರೆ.

ನಮ್ಮ ಕಲಬುರಗಿ ಕಡೆ ಈ ಕೋಳಿ ಸಾಕಲು ಶುರು ಮಾಡುವವರು ಕೈಯಲ್ಲಿದ್ದ ದುಡ್ಡೆಲ್ಲ ಒಂದು ಹುಂಜಕ್ಕೆ ಹಾಕುತ್ತಾರೆ. ಬಹುಮಾನ ಹೊಡೆದ ಹುಂಜ ತರುತ್ತಾರೆ, ಮನೆಯಲ್ಲಿರೋ ಯಾವುದೋ ಹೇಂಟೆಗೆ ಬಿಡುತ್ತಾರೆ, ಆಮೇಲೆ ಮರಿಗಳು ಅಪ್ಪನ ಹಾಗಿಲ್ಲ ಅಂತ ಮಾರಿದವರನ್ನು ಬೈಯುತ್ತಾರೆ. ಮರಿಯಲ್ಲಿ ಅರ್ಧ ತಾಯಿಯದು ಅಲ್ವಾ? ನಾನು ಹುಂಜಕ್ಕೆ ಕೊಟ್ಟಿದ್ದಕ್ಕಿಂತ ಹೇಂಟೆಗಳಿಗೇ ಜಾಸ್ತಿ ದುಡ್ಡು ಕೊಟ್ಟಿದ್ದೇನೆ. ಆಗ ಊರವರು ನಕ್ಕರು, ನಗಲಿ.

ಒಂದು ತೊಡಕು ಇದೆ. ಹೇಂಟೆಯಲ್ಲಿ ಬಾಲದ ಗುಣ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ನಾನು ಅವಳ ಅಣ್ಣತಮ್ಮಂದಿರನ್ನು ನೋಡುತ್ತೇನೆ. ಒಂದೇ ತಾಯಿತಂದೆಗೆ ಹುಟ್ಟಿದ ಹುಂಜಗಳಲ್ಲಿ ಒಂದೇ ಒಂದಕ್ಕೆ ಬಾಲ ಚೆನ್ನಾಗಿ ಬಂದು ಉಳಿದವು ಬೋಳಾಗಿದ್ದರೆ ಆ ಮನೆತನ ಬೇಡ. ಎಲ್ಲವೂ ಸುಮಾರಾಗಿ ಚೆನ್ನಾಗಿದ್ದರೆ, ಅದರಲ್ಲಿ ಗೆಲ್ಲುವಂಥದ್ದು ಒಂದೂ ಇಲ್ಲದಿದ್ದರೂ, ಅವುಗಳ ಅಕ್ಕತಂಗಿಯನ್ನು ಕಣ್ಣುಮುಚ್ಚಿ ತರುತ್ತೇನೆ. ಬೀದರ್‌ನಲ್ಲಿ ಒಬ್ಬ ಹಳೇ ಚಾಚಾ ಇದ್ದರು, ಕೋಳಿ ಕೊಳ್ಳಲು ಹೋದಾಗ ಒಂದೇ ಮಾತು ಕೇಳುತ್ತಿದ್ದರು: "ಪಠ್ಠಾ (ಎಳೆ ಹುಂಜ) ಇರಲಿ, ಇದರ ಜೋಡಿ ಹುಟ್ಟಿದ್ದು ಉಳಿದಿದ್ದೆಲ್ಲ ಎಲ್ಲಿ ಅವ?" ಮಾರುವವರಿಗೆ ಇದು ಇಷ್ಟವಾಗುವುದಿಲ್ಲ, ಆದರೂ ಕೇಳಿ.

ಇದಕ್ಕೆಲ್ಲ ಲೆಕ್ಕ ಬೇಕು. ಯಾವ ತತ್ತಿ ಯಾವ ಹೇಂಟೆಯದು ಅಂತ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ, ಮರಿ ಒಡೆದ ದಿನವೇ ಕಾಲ್ಬೆರಳ ನಡುವಿನ ಚರ್ಮಕ್ಕೆ ಸಣ್ಣ ತೂತು ಹಾಕುತ್ತೇನೆ, ಎಡಗಾಲು ಬಲಗಾಲು ಒಳಗೆ ಹೊರಗೆ ಅಂತ ಬದಲಿಸಿದರೆ ಹದಿನಾರು ಗುರುತು ಆಗುತ್ತವೆ. ಹುಂಜ ಬದಲಿಸಿದಾಗ ಕನಿಷ್ಠ ಮೂರು ವಾರ ತತ್ತಿ ಕಾವಿಗೆ ಇಡಬೇಡಿ. ಹಳೇ ಹುಂಜದ ಬೀಜ ಹೇಂಟೆಯ ಹೊಟ್ಟೆಯಲ್ಲಿ ಎರಡು ಮೂರು ವಾರ ಜೀವಂತ ಇರುತ್ತದೆ. ಇದನ್ನು ಬಿಟ್ಟರೆ ಅಪ್ಪ ಯಾರು ಅನ್ನುವುದೇ ಗೊತ್ತಾಗುವುದಿಲ್ಲ, ಪುಸ್ತಕ ಇಟ್ಟೂ ಸುಳ್ಳು ಬರೆದ ಹಾಗೆ.

ಜುಟ್ಟಿನ ವಿಷಯ ಸುಲಭ. ಅಸೀಲ್‌ಗೆ ಮೂರು ಸಾಲಿನ ಗಿಡ್ಡ ಜುಟ್ಟು ಇರಬೇಕು. ಜವಾರಿ ಕೋಳಿಯ ಹಲ್ಲುಹಲ್ಲು ಜುಟ್ಟಿನ ಗುಣ ಇದರ ಕೆಳಗೆ ಅಡಗಿ ಕೂತಿರುತ್ತದೆ. ಗಿಡ್ಡ ಜುಟ್ಟಿನ ಜೋಡಿಗೆ ಒಂದೇ ಒಂದು ಹಲ್ಲು ಜುಟ್ಟಿನ ಮರಿ ಹುಟ್ಟಿದರೂ ತಾಯಿ, ತಂದೆ ಇಬ್ಬರಲ್ಲೂ ಆ ಗುಣ ಇದೆ ಅಂತಲೇ ಅರ್ಥ. ಒಬ್ಬರ ಮೇಲೆ ತಪ್ಪು ಹಾಕಿ ಇನ್ನೊಬ್ಬರನ್ನು ಉಳಿಸಿಕೊಳ್ಳಲು ಬರುವುದಿಲ್ಲ.

ಜೋಡಿ ಮಾಡುವಾಗ ಒಂದೇ ದೋಷ ಇರುವ ಎರಡನ್ನು ಸೇರಿಸುವುದಿಲ್ಲ. ಇನ್ನೊಂದು ತಪ್ಪು ತಿಳುವಳಿಕೆಯೂ ಇದೆ: ಕಾಲು ತೀರ ಉದ್ದ ಇರುವ ಹೇಂಟೆಗೆ ತೀರ ಗಿಡ್ಡ ಕಾಲಿನ ಹುಂಜ ಬಿಟ್ಟರೆ ಮಧ್ಯಮ ಬರುತ್ತದೆ ಅಂತ. ಮೊದಲ ಪೀಳಿಗೆಯಲ್ಲಿ ಹಾಗೆ ಕಂಡರೂ ಮುಂದೆ ಮತ್ತೆ ಎರಡೂ ಕಡೆ ಒಡೆಯುತ್ತದೆ. ಸರಿ ಇರುವ ಕಾಲಿನ ಹುಂಜವನ್ನೇ ಹುಡುಕಬೇಕು. ಅಣ್ಣ-ತಂಗಿ ಜೋಡಿ ನಾನು ಮಾಡುವುದಿಲ್ಲ. ನನ್ನಲ್ಲಿ ಮೂರು ಮನೆತನ ಇವೆ. ಹೆಣ್ಣುಮರಿ ಹುಟ್ಟಿದ ಮನೆಯಲ್ಲೇ ಉಳಿಯುತ್ತದೆ, ಗಂಡು ಮಾತ್ರ ಪಕ್ಕದ ಮನೆಗೆ ಹೋಗುತ್ತದೆ, ಅಲ್ಲಿಯದು ಮೂರನೆಯದಕ್ಕೆ, ಅಲ್ಲಿಯದು ತಿರುಗಿ ಮೊದಲನೆಯದಕ್ಕೆ. ಹೀಗೆ ಮಾಡಿದರೆ ಹೊರಗಿನ ರಕ್ತ ಇಲ್ಲದೆ ಬಹಳ ಕಾಲ ನಡೆಸಬಹುದು.

ಆರಿಸುವುದರಲ್ಲಿ ಅವಸರ ಬೇಡ, ಆದರೆ ತೆಗೆಯುವುದರಲ್ಲಿ ತಡ ಬೇಡ. ಸೊಟ್ಟ ಕೊಕ್ಕು, ಸೊಟ್ಟ ಬೆರಳು ಮರಿಯಲ್ಲೇ ಕಾಣುತ್ತವೆ. ಹಿಂದಿನ ಬೆರಳು ಮುಂದಕ್ಕೆ ತಿರುಗಿದ್ದರೂ ಬೇಡ. ಮೂರು ತಿಂಗಳಿಗೆ ಎದೆ ಮೂಳೆ ಮುಟ್ಟಿ ನೋಡುತ್ತೇನೆ. ಅದು ಬಾಗಿದ್ದರೆ ವಂಶದ್ದೋ, ಸಣ್ಣ ವಯಸ್ಸಿಗೇ ತೆಳುವಾದ ಕೋಲಿನ ಮೇಲೆ ಮಲಗಿಸಿದ್ದರಿಂದಲೋ ಅಂತ ಜಗಳ ಬೇಡ ಅಂತಲೇ ಅಲ್ಲಿಯವರೆಗೆ ಕೋಲು ಕಟ್ಟುವುದೇ ಇಲ್ಲ. ಆ ಹೊತ್ತಿಗೆ ಗಂಡುಗಳು ಒಂದನ್ನೊಂದು ಕಿತ್ತಾಡಲು ಶುರು ಮಾಡಿರುತ್ತವೆ, ಬೇರೆ ಮಾಡಲೇಬೇಕು. ಕಣ್ಣಿನ ಬಣ್ಣ ತಿಳಿಯಾಗಲು ಸಮಯ ಬೇಕು. ಬಾಲವನ್ನಂತೂ ಮೊದಲ ಸಲ ದೊಡ್ಡದಾಗಿ ಗರಿ ಉದುರಿಸಿ ಮತ್ತೆ ಬಂದ ಮೇಲೇ ನಂಬಬೇಕು. ಅಸೀಲ್ ನಿಧಾನದ ಕೋಳಿ. ಎಂಟು ತಿಂಗಳ ಪಠ್ಠಾ ನೋಡಿ "ಚಾಂಪಿಯನ್" ಅಂತ ಮಾರುವವರನ್ನು ದೂರ ಇಡಿ.

ನಮ್ಮ ಬಿಸಿಲಿಗೆ ತಕ್ಕಂತೆ ಕೆಲವು ಕೆಲಸ. ಏಪ್ರಿಲ್ ಮೇನಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ, ಹುಂಜದ ಬೀಜವೂ ಕೆಡುತ್ತದೆ, ಇಟ್ಟ ತತ್ತಿ ಕಾವಿಲ್ಲದೆಯೇ ಒಳಗೆ ಬೆಳೆಯಲು ಶುರುವಾಗಿ ಸಾಯುತ್ತದೆ. ಹಾಗಾಗಿ ಕಾವಿಗೆ ಇಡುವುದು ದಸರಾದಿಂದ ಚಳಿ ಮುಗಿಯುವವರೆಗೆ ಮಾತ್ರ. ಅಸೀಲ್ ಹೇಂಟೆ ಚೆನ್ನಾಗಿ ಕಾವು ಕೂರುತ್ತದೆ, ಆದರೆ ಭಾರಕ್ಕೆ ತತ್ತಿ ಒಡೆಯುತ್ತದೆ. ಚಲೋ ಜೋಡಿಯ ತತ್ತಿಗಳನ್ನು ಹಗುರಾದ ಜವಾರಿ ಕೋಳಿಯ ಕೆಳಗೆ ಇಡುತ್ತೇನೆ. ನೆಲಕ್ಕೆ ನಮ್ಮಲ್ಲಿ ಎಲ್ಲರೂ ಶಹಾಬಾದ್ ಫರ್ಸಿ ಹಾಕುತ್ತಾರೆ, ತೊಳೆಯಲು ಸುಲಭ ಅಂತ. ಮೂರು ನಾಲ್ಕು ಕೆಜಿಯ ಹುಂಜ ಎತ್ತರದಿಂದ ಆ ಕಲ್ಲಿನ ಮೇಲೆ ಧುಮುಕಿ ಧುಮುಕಿ ಪಾದದ ಅಡಿ ಗಂಟು ಕಟ್ಟಿಕೊಂಡರೆ ಪ್ರದರ್ಶನದ ಆಸೆ ಬಿಡಬೇಕು. ಫರ್ಸಿ ಇರಲಿ, ಮೇಲೆ ನಾಲ್ಕು ಬೆರಳು ಮರಳು ಹಾಕಿ, ಕೋಲು ಮೊಣಕಾಲಿಗಿಂತ ಕೆಳಗೆ ಕಟ್ಟಿ.

ಮೇವಿಗೆ ಜೋಳ, ಸಜ್ಜೆ, ಜೊತೆಗೆ ದಾಲ್ ಮಿಲ್‌ನ ತೊಗರಿ ಚುನ್ನಿ (ಬೇಳೆ ಮಾಡುವಾಗ ಉಳಿಯುವ ಹೊಟ್ಟು-ನುಚ್ಚು). ಗರಿ ಬರುವ ತಿಂಗಳಲ್ಲಿ ಒಣ ಮೀನು ಸೇರಿಸುತ್ತೇನೆ, ಗರಿ ಬಹುತೇಕ ಪ್ರೋಟೀನೇ. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಒಂದು ವಾರದೊಳಗೆ ಲಸೋಟಾ ಅನ್ನುವ ಲಸಿಕೆ, ನಾಲ್ಕು ವಾರಕ್ಕೆ ಮತ್ತೊಮ್ಮೆ, ಎಂಟು ಹತ್ತು ವಾರಕ್ಕೆ ಇನ್ನೊಂದು ಲಸಿಕೆ, ಆರ್‌ಟೂಬಿ. ಇದರಲ್ಲಿ ಚೌಕಾಸಿ ಇಲ್ಲ.

ಪ್ರದರ್ಶನಕ್ಕೆ ಮುಂಚೆ ಕೆಲವು ವಾರ ದಿನಾ ಕೈಯಲ್ಲಿ ಹಿಡಿದು, ಬೇರೆಯವರ ಕೈಗೂ ಕೊಟ್ಟು ರೂಢಿ ಮಾಡಿಸಬೇಕು. ಹೆದರಿ ಮುದುಡಿದ ಹುಂಜಕ್ಕೆ ನಿಲುವು ಎಲ್ಲಿಂದ ಬರಬೇಕು. ಎರಡು ದಿನ ಮೊದಲು ಸ್ನಾನ, ಹೊರಡುವಾಗ ಕಾಲಿಗೂ ಜುಟ್ಟಿಗೂ ಸ್ವಲ್ಪ ಕೊಬ್ಬರಿ ಎಣ್ಣೆ. ವಾಪಸ್ ಬಂದ ಹುಂಜ ಗೆದ್ದಿರಲಿ ಸೋತಿರಲಿ, ಮೂರು ವಾರ ಉಳಿದ ಕೋಳಿಗಳಿಂದ ದೂರ, ಬೇರೆ ಗೂಡಿನಲ್ಲಿ. ಅದಕ್ಕೆ ಕೊನೆಯಲ್ಲಿ ಮೇವು ಹಾಕುತ್ತೇನೆ, ಬುಟ್ಟಿಯೂ ಬೇರೆ, ಚಪ್ಪಲಿಯೂ ಬೇರೆ.