ಪೊಲೀಸ್ ದುರ್ನಡತೆ ಹೆಚ್ಚಿತೋ ಇಳಿಯಿತೋ: ದಾವಣಗೆರೆ ಜಿಲ್ಲೆಗೆ ಲೆಕ್ಕ ಕಟ್ಟುವ ಬಗೆ

ಎಸ್ಪಿ ಕಚೇರಿಗೆ ಈ ವರ್ಷ ಹೆಚ್ಚು ದೂರು ಬಂದವು ಅಂದಮಾತ್ರಕ್ಕೆ ಪೊಲೀಸರ ದುರ್ನಡತೆ ಹೆಚ್ಚಾಯಿತು ಎನ್ನಲಾಗದು. ಕೊಟ್ಟ ದೂರನ್ನು ಯಾರಾದರೂ ಕೇಳುತ್ತಾರೆಂಬ ಧೈರ್ಯ ಬಂದಾಗ ಸಂಖ್ಯೆ ಏರುತ್ತದೆ, ಭಯ ಕೂತಾಗ ಇಳಿಯುತ್ತದೆ. ಆದ್ದರಿಂದ ಮೂರು ಲೆಕ್ಕಗಳನ್ನು ಬೇರೆ ಬೇರೆ ಇಡಿ: ಜನ ಕೊಟ್ಟ ದೂರು, ಇಲಾಖೆ ಕೈಗೊಂಡ ಕ್ರಮ, ಯಾರೂ ದೂರು ಕೊಡದಿದ್ದರೂ ದಾಖಲಾಗಲೇಬೇಕಾದ ಘಟನೆ.

ಮೂರನೆಯದರಲ್ಲಿ ಮುಖ್ಯವಾದದ್ದು ಲಾಕಪ್ ಸಾವು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 1993ರ ಸೂಚನೆಯಂತೆ ಅದನ್ನು 24 ಗಂಟೆಯೊಳಗೆ ಆಯೋಗಕ್ಕೆ ತಿಳಿಸಬೇಕು; ಮ್ಯಾಜಿಸ್ಟ್ರೇಟ್ ವಿಚಾರಣೆಯೂ ನಡೆಯಬೇಕು. ಎರಡೂ ಕಡೆಯ ದಾಖಲೆ ತಾಳೆ ನೋಡಿ. ಆಸ್ಪತ್ರೆಗೆ ಸಾಗಿಸಿದ ಮೇಲೆ ಸತ್ತಿದ್ದರೆ ಯುಡಿಆರ್ (ಅಸಹಜ ಸಾವಿನ ವರದಿ) ಆಸ್ಪತ್ರೆ ವ್ಯಾಪ್ತಿಯ ಠಾಣೆಯಲ್ಲಿ ಆಗಿರಬಹುದು. ನೀವು ಬರೆದುಕೊಳ್ಳಬೇಕಾದದ್ದು ಆ ವ್ಯಕ್ತಿಯನ್ನು ವಶಕ್ಕೆ ಪಡೆದ ಠಾಣೆಯ ಹೆಸರು.

ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಅಮಾನತು, ಇಲಾಖಾ ವಿಚಾರಣೆ, ಕಸ್ಟಡಿ ಸಾವು ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಮಾಹಿತಿಯ ಬದಲು ನಿರಾಕರಣೆಯ ಹಿಂಬರಹ ಬರುವುದೇ ಹೆಚ್ಚು. ಹೆಸರು ಕೇಳಬೇಡಿ, ವೈಯಕ್ತಿಕ ಮಾಹಿತಿ ಎಂದು ತಳ್ಳಿಹಾಕಲು ಅದೊಂದು ಸಾಕು. ಹೀಗೆ ಬರೆಯಿರಿ: "2010ರ ಜನವರಿ 1ರಿಂದ ಈವರೆಗೆ ಇಲಾಖಾ ವಿಚಾರಣೆಗೆ ಆದೇಶವಾದ ಪ್ರಕರಣಗಳ ಠಾಣೆ, ಘಟನೆಯ ದಿನಾಂಕ, ಆರೋಪದ ಸ್ವರೂಪ, ಅಂತಿಮ ಆದೇಶದ ದಿನಾಂಕ, ವಿಧಿಸಿದ ದಂಡನೆ." ಕ್ರೋಡೀಕೃತ ಮಾಹಿತಿ ಇಲ್ಲವೆಂದರೆ ವಹಿಯ ಪುಟಗಳ ನಕಲನ್ನೇ ಕೇಳಿ, ಪುಟಕ್ಕೆ 2 ರೂಪಾಯಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದಾಗ ಕೆಲವರು ನೇರ ಕೋರ್ಟಿಗೆ ಪಿಸಿಆರ್ (ಖಾಸಗಿ ದೂರು) ಹಾಕುತ್ತಾರೆ. ಇವು ಎಸ್ಪಿ ಕಚೇರಿಯ ಲೆಕ್ಕದಲ್ಲಿ ಕಾಣುವುದಿಲ್ಲ, ಇ-ಕೋರ್ಟ್ಸ್ ತಾಣದಲ್ಲಿ ಕಲಂವಾರು ಹುಡುಕಬೇಕು. ತಪ್ಪೊಪ್ಪಿಗೆಗಾಗಿ ಹಿಂಸೆ ಕೊಟ್ಟದ್ದಕ್ಕೆ ಐಪಿಸಿ 330, 331. 2024ರ ಜುಲೈ 1ರ ನಂತರದ ಘಟನೆಗೆ, ಐಪಿಸಿ ಬದಲಿಗೆ ಬಂದ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 120. ಅಕ್ರಮ ಬಂಧನಕ್ಕೆ ಮೊದಲು 342, ಈಗ 127. ಹಳೆಯ ಕಲಂನಲ್ಲೇ ಹುಡುಕುತ್ತಿದ್ದರೆ 2024ರಿಂದಾಚೆಗೆ ಪ್ರಕರಣಗಳೇ ಕರಗಿಹೋದಂತೆ ಕಾಣುತ್ತದೆ.

ಇಂಥ ಮುರಿವುಗಳೇ ಅತಿ ಹೆಚ್ಚು ದಾರಿ ತಪ್ಪಿಸುವುದು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, ಈಗ ವಿಜಯನಗರದಲ್ಲಿದೆ. ಆ ತಾಲ್ಲೂಕಿನ ಠಾಣೆಗಳನ್ನು ಎಲ್ಲ ವರ್ಷಗಳಿಂದಲೂ ತೆಗೆದುಬಿಡಿ, ಇಲ್ಲದಿದ್ದರೆ 2018ರ ನಂತರದ ಇಳಿಕೆ ಸುಧಾರಣೆಯಂತೆ ತೋರುತ್ತದೆ. ಲಂಚದ ಪ್ರಕರಣಗಳು 2016ರಿಂದ 2022ರ ಆಗಸ್ಟ್‌ವರೆಗೆ ಎಸಿಬಿಯಲ್ಲಿದ್ದವು (ಭ್ರಷ್ಟಾಚಾರ ನಿಗ್ರಹ ದಳ). ಹೈಕೋರ್ಟ್ ಅದನ್ನು ರದ್ದುಪಡಿಸಿದ ಮೇಲೆ ಲೋಕಾಯುಕ್ತಕ್ಕೆ ಬಂದವು. ಎರಡೂ ಕಡೆಯಿಂದ ತರಿಸಿ ಜೋಡಿಸಿ. ದೇಶದ ಅಪರಾಧ ಅಂಕಿಗಳನ್ನು ಪ್ರಕಟಿಸುವ ಎನ್‌ಸಿಆರ್‌ಬಿ ತನ್ನ ಕೋಷ್ಟಕಗಳನ್ನು 2017ರಲ್ಲಿ ಬದಲಿಸಿದ್ದರಿಂದ ಅದರ ಹಿಂದಿನ, ಮುಂದಿನ ಅಂಕಿಗಳನ್ನು ಒಂದೇ ಗೆರೆಯಲ್ಲಿ ಎಳೆಯಬಾರದು.

ಒಂದೇ ಘಟನೆ ಎಸ್ಪಿ ಕಚೇರಿ, ರಾಜ್ಯ ಮಾನವ ಹಕ್ಕುಗಳ ಆಯೋಗ, ಪೊಲೀಸ್ ದೂರು ಪ್ರಾಧಿಕಾರ ಮೂರರಲ್ಲೂ ಇರಬಹುದು. ಘಟನೆಯ ದಿನಾಂಕ, ಠಾಣೆ, ಆರೋಪ ಮೂರೂ ಹೊಂದಿದರೆ ಕಡತ ತೆರೆದು ನೋಡಿ ಒಂದೆಂದೇ ಎಣಿಸಿ.

ಭಾಗಿಸುವ ಅಂಕಿಯೂ ಮುಖ್ಯ. ಬಂಧನದ ವೇಳೆಯ ಹಿಂಸೆಗೆ ಆ ವರ್ಷದ ಬಂಧನಗಳ ಸಂಖ್ಯೆಯಿಂದ, ಲಂಚಕ್ಕೆ ಸಿಬ್ಬಂದಿ ಸಂಖ್ಯೆಯಿಂದ ಭಾಗಿಸಿ. ಸಿಬ್ಬಂದಿ ಅಂದರೆ ಕೆಲಸದಲ್ಲಿರುವವರು. ಮಂಜೂರಾದ ಹುದ್ದೆಗಳಲ್ಲಿ ಖಾಲಿ ಇರುವವೂ ಸೇರಿ ದರ ಸುಳ್ಳೇ ಕಡಿಮೆಯಾಗುತ್ತದೆ.

ಜಿಲ್ಲೆಯೊಂದರಲ್ಲಿ ಕಸ್ಟಡಿ ಸಾವು ವರ್ಷಕ್ಕೆ ಸೊನ್ನೆಯೋ ಒಂದೋ ಇದ್ದಾಗ ವರ್ಷದಿಂದ ವರ್ಷಕ್ಕೆ ಹೋಲಿಸುವುದರಲ್ಲಿ ಅರ್ಥವಿಲ್ಲ. 5 ವರ್ಷದ ಮೊತ್ತ ಹಿಡಿಯಿರಿ. 5 ವರ್ಷ ಸೊನ್ನೆಯೇ ಇದ್ದರೂ, ಶೇ 95 ಭರವಸೆಯಲ್ಲಿ ಹೇಳಬಹುದಾದದ್ದು ಇಷ್ಟೇ: ಅಷ್ಟು ಅವಧಿಯ ನಿಜವಾದ ಸರಾಸರಿ 3ಕ್ಕಿಂತ ಹೆಚ್ಚಿರಲಾರದು. ಅಪಾಯ ಹೋಯಿತು ಎಂಬುದಕ್ಕೆ ಅದು ಪುರಾವೆಯಲ್ಲ, ಒಂದು ಜೀವದ ವಿಷಯದಲ್ಲಿ ಆ ಅವಸರ ಸಲ್ಲದು.

ಎಲ್ಲವನ್ನೂ ಘಟನೆ ನಡೆದ ವರ್ಷಕ್ಕೇ ಜಮಾ ಮಾಡಿ, ಆದೇಶ ಬಂದ ವರ್ಷಕ್ಕಲ್ಲ. ಇಲಾಖಾ ವಿಚಾರಣೆ ವರ್ಷಗಟ್ಟಲೆ ಎಳೆಯುವುದರಿಂದ ಕೊನೆಯ 3 ವರ್ಷದ ದಂಡನೆಗಳು ಯಾವಾಗಲೂ ಕಡಿಮೆ ಕಾಣುತ್ತವೆ. ಆ ಭಾಗವನ್ನು ಚುಕ್ಕಿಗೆರೆಯಲ್ಲಿ ಎಳೆದು, ಪ್ರತಿ ಜನವರಿಯಲ್ಲಿ ಅದೇ ಪದಗಳ ಅರ್ಜಿ ಹಾಕಿ ಹೊಸ ಅಂಕಿ ತುಂಬಿ.