ಚಿಕ್ಕ ವಯಸ್ಸಿನಲ್ಲೇ ತೀರಿಹೋದ ಹಿರಿಯರೊಬ್ಬರ ನೆನಪನ್ನು ಕೂಡಿಡುವ ಬಗೆ

ಪಡಸಾಲೆಯ ಗೋಡೆಯ ಮೇಲೆ ಹಾರ ಹಾಕಿಸಿಕೊಂಡಿರುವ ಪಟಗಳು ಬಹುಮಟ್ಟಿಗೆ ತುಂಬು ಬಾಳು ಬಾಳಿ ಹೋದವರವು. ಅವರ ಬಗ್ಗೆ ಹೇಳಲು ಮಕ್ಕಳು, ಮೊಮ್ಮಕ್ಕಳು ಇರುತ್ತಾರೆ. ಅವರು ಕಟ್ಟಿಸಿದ ಮನೆಯೋ ತೋಡಿಸಿದ ಬಾವಿಯೋ ಉಳಿದಿರುತ್ತದೆ. ಹದಿನೆಂಟಕ್ಕೋ ಇಪ್ಪತ್ತೆರಡಕ್ಕೋ ಕಣ್ಣು ಮುಚ್ಚಿದವರಿಗೆ ಇಂಥ ಗುರುತುಗಳು ಇರುವುದು ಅಪರೂಪ. ಅವರು ಬಿಟ್ಟುಹೋದ ಜಾಗವನ್ನು ಮನೆ ಬೇಗ ತುಂಬಿಕೊಳ್ಳುತ್ತದೆ: ತೀರಿಕೊಂಡ ಸೊಸೆಯ ಜಾಗಕ್ಕೆ ಮತ್ತೊಬ್ಬ ಸೊಸೆ ಬರುತ್ತಾಳೆ, ಹೋದ ಮಗನ ಹೆಸರನ್ನು ಮುಂದೆ ಹುಟ್ಟಿದವನಿಗೆ ಇಡುತ್ತಾರೆ, ಮೂರು ತಲೆ ಕಳೆಯುವಷ್ಟರಲ್ಲಿ ವಂಶವೃಕ್ಷದಲ್ಲಿ ಅವರ ಕೊಂಬೆಯೇ ಇರುವುದಿಲ್ಲ. ಆದ್ದರಿಂದ ಇಂಥವರನ್ನು ಹುಡುಕುವ ದಾರಿ ಬೇರೆ. ಅವರಿಂದ ಹುಟ್ಟಿದವರಿಗಿಂತ ಅವರ ಮಗ್ಗುಲಲ್ಲಿ ನಿಂತಿದ್ದವರನ್ನು, ಎಂದರೆ ತವರಿನವರು, ಒಡಹುಟ್ಟಿದವರು, ಸವತಿಯಾಗಿ ಬಂದವರು, ಇವರ ಮಕ್ಕಳು ಮೊಮ್ಮಕ್ಕಳನ್ನು ಮೊದಲು ಕೇಳಬೇಕು.

ನಾನು ಹುಡುಕಿದ್ದು ನಮ್ಮ ತಾತನ ತಾಯಿಯನ್ನು. ಅವರು 1918ರಲ್ಲಿ ಜ್ವರದಿಂದ ತೀರಿಕೊಂಡಾಗ ತಾತನಿಗೆ ಒಂದೂವರೆ ವರ್ಷ, ಅವರಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ನಾನು ಬೆಳೆದ ಮನೆಯಲ್ಲಿ ‘ಮುತ್ತಜ್ಜಿ’ ಎಂದರೆ ತಾತನನ್ನು ಸಾಕಿದ ಎರಡನೆಯವರು. ಪಟವೂ ಅವರದೇ, ಕಥೆಗಳೂ ಅವರದೇ. ಮೊದಲನೆಯವರೊಬ್ಬರು ಇದ್ದರು ಎಂಬುದು ನನಗೆ ತಿಳಿದದ್ದು ಇಪ್ಪತ್ತು ದಾಟಿದ ಮೇಲೆ.

ಹುಡುಕಾಟಕ್ಕೆ ಇಳಿಯುವ ಮುನ್ನ ಆ ಕಾಲದಲ್ಲಿ ಜನ ಯಾವುದರಿಂದ ಸಾಯುತ್ತಿದ್ದರು ಎಂಬುದನ್ನು ತಿಳಿದುಕೊಂಡಿರುವುದು ಒಳ್ಳೆಯದು, ಏಕೆಂದರೆ ಮನೆಯಲ್ಲಿ ಉಳಿದಿರುವ ಅರೆಬರೆ ಮಾತುಗಳು ಆಗ ಮಾತ್ರ ಅರ್ಥ ಕೊಡುತ್ತವೆ. ‘ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಹೋದರಂತೆ’ ಎಂದರೆ ಅದು ಬಹುಶಃ ಪ್ಲೇಗು. ಬೆಂಗಳೂರಿಗೆ ಅದು ಕಾಲಿಟ್ಟದ್ದು 1898ರಲ್ಲಿ, ಆ ಬಳಿಕ ಹಲವು ವರ್ಷಗಳ ಕಾಲ ಹಳೆಯ ಮೈಸೂರಿನ ಊರುಗಳನ್ನು ಅದು ಮತ್ತೆ ಮತ್ತೆ ಕಾಡಿತು. ‘ಒಂದೇ ವಾರದಲ್ಲಿ ಮನೆಯಲ್ಲಿ ಮೂರು ಹೆಣ’ ಎಂಬ ಮಾತು 1918ರ ಕೊನೆಯ ತಿಂಗಳುಗಳಿಗೆ ಸೇರಿದ್ದಾದರೆ ಅದು ಇನ್‌ಫ್ಲುಯೆಂಜಾ ಆಗಿರುವ ಸಂಭವವೇ ಹೆಚ್ಚು. ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂಡೊಯ್ದ ಆ ಜ್ವರ ಇಪ್ಪತ್ತರಿಂದ ನಲವತ್ತರ ಪ್ರಾಯದ ಗಟ್ಟಿಮುಟ್ಟಾದವರನ್ನೂ ಬಿಡಲಿಲ್ಲ, ಹೆಂಗಸರನ್ನು ಇನ್ನಷ್ಟು ಹೆಚ್ಚಾಗಿ ಬಲಿ ತೆಗೆದುಕೊಂಡಿತು. 1911ರಿಂದ 1921ರ ನಡುವೆ ದೇಶದ ಜನಸಂಖ್ಯೆಯೇ ತುಸು ಇಳಿದುಹೋಯಿತು. ಇವೆರಡೂ ಅಲ್ಲದಿದ್ದರೆ ಹೆರಿಗೆ, ಕ್ಷಯ, ಕಾಲರಾ, ಸಿಡುಬು, ಹಾವು, ಬಾವಿ.

ಹಿರಿಯರನ್ನು ಕೇಳುವುದು ಮೊದಲ ಕೆಲಸ, ಅದನ್ನು ಮುಂದೂಡಬಾರದು. ಕೇಳುವಾಗ ‘ಯಾವ ಇಸವಿ’ ಎಂದು ಶುರುಮಾಡಿದರೆ ಗೊತ್ತಿಲ್ಲವೆಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದರ ಬದಲು ಯಾರ ಮದುವೆಗಿಂತ ಮುಂಚೆ, ಆಗ ಹಟ್ಟಿಯಲ್ಲಿ ಎಷ್ಟು ದನವಿದ್ದವು, ಹಿತ್ತಿಲ ಬಾವಿ ತೋಡಿ ಆಗಿತ್ತೆ, ಚಿಕ್ಕಪ್ಪ ಹುಟ್ಟಿದ್ದರೆ ಎಂದು ಕೇಳಬೇಕು. ಮನೆಯ ನೆನಪು ಇಸವಿಗಳಿಗಿಂತ ಹೆರಿಗೆ, ಮದುವೆ, ಬರ, ಪ್ರವಾಹಗಳನ್ನೇ ಹಿಡಿದು ನಡೆಯುತ್ತದೆ. ಮಗಳಾಗಿ ಹುಟ್ಟಿ ಬೇರೆ ಮನೆಗೆ ಹೋದವರನ್ನು, ಅಂದರೆ ಸೋದರತ್ತೆಯರನ್ನು, ದೊಡ್ಡಜ್ಜಿ ಚಿಕ್ಕಜ್ಜಿಯರ ಹೆಣ್ಣುಮಕ್ಕಳನ್ನು ತಪ್ಪದೆ ಕೇಳಿ. ಮನೆಯಲ್ಲೇ ಉಳಿದ ಗಂಡಸರು ಆಸ್ತಿಯ ಕಥೆಯನ್ನು ನೆನಪಿಟ್ಟಿರುತ್ತಾರೆ, ಹೊರಗೆ ಹೋದ ಹೆಂಗಸರು ಮನುಷ್ಯರ ಕಥೆಯನ್ನು ಒಯ್ದಿರುತ್ತಾರೆ ಎಂಬುದು ನನ್ನ ಅನುಭವ. ನನಗೆ ದಾರಿ ತೋರಿದ್ದು ಎಂಬತ್ತೇಳರ ಸೋದರತ್ತೆ. ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ, ನಾನು ಕೇಳುವುದನ್ನು ನಿಲ್ಲಿಸಿ ಸುಮಾರು ಹೊತ್ತಾದ ಮೇಲೆ, ‘ನಿಮ್ಮ ತಾತನಿಗೆ ಇನ್ನೂ ಮೊಲೆಹಾಲು ಬಿಡಿಸಿರಲಿಲ್ಲವಂತೆ ಕಣೋ, ತಾಯಿ ಒಳಗೆ ಜ್ವರದಲ್ಲಿ ಮಲಗಿದ್ದರೆ ಇವರು ಬಾಗಿಲು ಬಡಿಯುತ್ತಿದ್ದರಂತೆ’ ಎಂದರು. ಅದನ್ನು ಅವರಿಗೆ ಹೇಳಿದ್ದು ಆ ಎರಡನೆಯ ಮುತ್ತಜ್ಜಿಯೇ. ಆ ಮಗುವನ್ನು ಸಾಕಲು ಬಂದವರು ಅದರ ತಾಯಿಯ ನೆನಪನ್ನೂ ಕಾದಿಟ್ಟಿದ್ದರು ಎಂಬುದು ನಾನು ಎಣಿಸದೇ ಇದ್ದ ಸಂಗತಿ. ಇಂಥ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳುವುದಾದರೆ ಮೊದಲೇ ಹೇಳಿ ಅನುಮತಿ ಪಡೆಯಿರಿ. ಮುಗಿದ ಮೇಲೆ ಯಾರು, ಯಾವ ದಿನ, ಎಲ್ಲಿ ಹೇಳಿದರು ಎಂಬುದನ್ನು ನಿಮ್ಮ ದನಿಯಲ್ಲೇ ಸೇರಿಸಿಬಿಡಿ.

ಮಾತಿನ ನಂತರ ತಿಥಿ. ವರ್ಷಾಬ್ದಿಕ ಮಾಡುವ ಮನೆಗಳಲ್ಲಿ ತೀರಿಕೊಂಡ ದಿನದ ಮಾಸ, ಪಕ್ಷ, ತಿಥಿಗಳು ಯಾರದಾದರೂ ಪುಸ್ತಕದಲ್ಲಿ ಇದ್ದೇ ಇರುತ್ತವೆ, ಹಳೆಯ ಪಂಚಾಂಗದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿರುವುದೂ ಉಂಟು. ಮಹಾಲಯದಲ್ಲಿ ತರ್ಪಣಕ್ಕಾಗಿ ಬರೆದುಕೊಂಡ ಸರ್ವಪಿತೃಗಳ ಪಟ್ಟಿ ಇದ್ದರಂತೂ ಅದು ನಿಧಿಯೇ ಸರಿ, ಏಕೆಂದರೆ ಅದರಲ್ಲಿ ನೇರ ಹಿರಿಯರ ಜೊತೆಗೆ ಚಿಕ್ಕಪ್ಪ, ಸೋದರತ್ತೆ, ಅಣ್ಣ, ತಂಗಿಯರ ಹೆಸರುಗಳೂ ಗೋತ್ರದ ಸಮೇತ ಬರುತ್ತವೆ. ನಮ್ಮ ತಾತನ ಪುಸ್ತಕದಲ್ಲಿ ‘ಕಾಳಯುಕ್ತಿ ನಾಮ ಸಂವತ್ಸರದ ಆಶ್ವಯುಜ ಬಹುಳ ಪಂಚಮಿ’ ಎಂದಿತ್ತು. ಸಂವತ್ಸರದ ಹೆಸರು ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಕಾಳಯುಕ್ತಿ ಎಂದರೆ 1858–59 ಆಗಬಹುದು, 1918–19 ಆಗಬಹುದು, 1978–79 ಕೂಡ ಆಗಬಹುದು. ಮಕ್ಕಳ ವಯಸ್ಸನ್ನು ಪಕ್ಕದಲ್ಲಿಟ್ಟು ನೋಡಿದರೆ ಯಾವುದೆಂಬುದು ಕೂಡಲೇ ಇತ್ಯರ್ಥವಾಗುತ್ತದೆ. ಸಂವತ್ಸರ ಯುಗಾದಿಗೆ ಬದಲಾಗುತ್ತದೆಯೇ ಹೊರತು ಜನವರಿಗಲ್ಲ ಎಂಬುದನ್ನು ಮರೆಯಬಾರದು. ಪುಷ್ಯ, ಮಾಘ, ಫಾಲ್ಗುಣಗಳಲ್ಲಿ ಆದ ಸಾವುಗಳಿಗೆ ಇಸವಿಯನ್ನು ಒಂದು ಮುಂದಕ್ಕೆ ತೆಗೆದುಕೊಳ್ಳಬೇಕಾದೀತು. ಆಶ್ವಯುಜ ಬಹುಳ ಎಂದರೆ ಆ ವರ್ಷದ ಅಕ್ಟೋಬರ್ ಕೊನೆಯ ಭಾಗ, ಜ್ವರ ಉಲ್ಬಣವಾಗಿದ್ದ ಹೊತ್ತು. ಅತ್ತೆಯ ಮಾತು ಮತ್ತು ತಾತನ ಬರಹ ಹೀಗೆ ಒಂದಕ್ಕೊಂದು ಕೂಡಿಕೊಂಡವು.

ತೀರ ಎಳೆಯ ಮಕ್ಕಳ ವಿಷಯದಲ್ಲಿ ತಿಥಿ ಸಿಗುತ್ತದೆಂದು ನಂಬಿ ಕೂರಬೇಡಿ. ಉಪನಯನಕ್ಕೋ ಮದುವೆಗೋ ಮುಂಚೆ ಹೋದವರಿಗೆ ವರ್ಷ ವರ್ಷವೂ ಕರ್ಮ ಮಾಡುವ ರೂಢಿ ಬಹಳ ಕಡೆ ಇಲ್ಲದ್ದರಿಂದ ಆ ದಿನವನ್ನು ಯಾರೂ ನೆನಪಿಡಬೇಕಾಗಿರಲಿಲ್ಲ. ಶಾಲೆಗೆ ಸೇರಿದ್ದ ಮಗುವಾದರೆ ಹಳೆಯ ಸರ್ಕಾರಿ ಶಾಲೆಯ ದಾಖಲಾತಿ ರಿಜಿಸ್ಟರ್ ನೋಡಬಹುದು. ಅದನ್ನು ಶಾಶ್ವತವಾಗಿ ಇಟ್ಟುಕೊಳ್ಳಬೇಕಾದ್ದರಿಂದ ಎಷ್ಟೋ ಶಾಲೆಗಳಲ್ಲಿ ಬೀರುವಿನಲ್ಲಿ ಇನ್ನೂ ಇರುತ್ತದೆ, ಮುಖ್ಯೋಪಾಧ್ಯಾಯರನ್ನು ವಿನಯದಿಂದ ಕೇಳಿದರೆ ತೋರಿಸುತ್ತಾರೆ.

ವಸ್ತುಗಳ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮದುವೆಯಲ್ಲಿ ತವರಿನಿಂದ ಕೊಟ್ಟ ಪಾತ್ರೆಗಳ ಮೇಲೆ ಹೆಸರು ಹಾಕಿಸುವುದು ನಮ್ಮಲ್ಲಿ ಹಳೆಯ ರೂಢಿ, ಚಿಕ್ಕ ವಯಸ್ಸಿನಲ್ಲೇ ಹೋದ ಹೆಣ್ಣುಮಗಳ ಕೈಗೆ ಬಂದಿದ್ದ ಲೋಹವೆಂದರೆ ಹೆಚ್ಚಾಗಿ ಅದೇ. ನಮ್ಮ ಅಟ್ಟದಲ್ಲಿ ಸೊಟ್ಟಗಾದ ಹಿತ್ತಾಳೆ ಚೊಂಬೊಂದಿತ್ತು, ಅದರ ಕಂಠದ ಕೆಳಗೆ ಬೆರಳಾಡಿಸಿದಾಗ ಚುಕ್ಕಿಗಳು ತಡೆದವು. ಇಂಥ ಪಾತ್ರೆ ಸಿಕ್ಕಾಗ ಹುಣಸೆಹಣ್ಣು ಹಾಕಿ ಉಜ್ಜಲು ಹೋಗಬೇಡಿ. ಬೂದಿಯಲ್ಲಿ, ಹುಣಸೆಹಣ್ಣಿನಲ್ಲಿ ತಿಕ್ಕಿ ತಿಕ್ಕಿಯೇ ಆ ಅಕ್ಷರಗಳು ಸವೆದಿರುವುದು. ಒಣ ಬಟ್ಟೆಯಿಂದ ಧೂಳು ಒರೆಸಿ, ಅಕ್ಕಿಹಿಟ್ಟನ್ನು ಚಿಟಿಕೆಯಷ್ಟು ಸವರಿ, ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಚುಕ್ಕಿಗಳಲ್ಲಿ ಹಿಟ್ಟು ಕೂತು ಅಕ್ಷರ ಬೆಳ್ಳಗೆ ಎದ್ದು ಕಾಣುತ್ತದೆ. ಹಾಗೆ ಎದ್ದು ಬಂದದ್ದು ಅವರ ಹೆಸರು, ಮುಂದೆ ಅವರ ತವರೂರಿನ ಮೊದಲ ಅಕ್ಷರ. ಮನೆಯವರೆಲ್ಲ ಹೇಳುತ್ತಿದ್ದ ಹೆಸರಿಗೂ ಚೊಂಬಿನ ಹೆಸರಿಗೂ ವ್ಯತ್ಯಾಸವಿತ್ತು. ಮದುವೆಯ ಹೊತ್ತಿಗೆ ಸೊಸೆಯ ಹೆಸರನ್ನು ಬದಲಿಸುವ ಪದ್ಧತಿ ಕೆಲವು ಮನೆತನಗಳಲ್ಲಿ ಇದ್ದುದರಿಂದ ಇಂಥವರಿಗೆ ಎರಡು ಹೆಸರು ಇರಬಹುದೆಂಬುದನ್ನು ಮೊದಲೇ ಗಮನದಲ್ಲಿಡಬೇಕು, ಎರಡನ್ನೂ ಬರೆದುಕೊಳ್ಳಬೇಕು. ಒಡವೆಗಳನ್ನೂ ಕೇಳಿ ನೋಡಿ. ಎರಡನೆಯವಳಾಗಿ ಬಂದವಳು ತೀರಿಹೋದ ಮೊದಲನೆಯವಳ ಗುರುತಾಗಿ ಕೊರಳಲ್ಲಿ ಸವತಿ ತಾಳಿ ಧರಿಸುವ ಸಂಪ್ರದಾಯ ಕೆಲವು ಕಡೆ ಇತ್ತು, ಅದು ಕರಗಿಹೋಗದೆ ಉಳಿದಿದ್ದರೆ ಅದರ ಒಂದು ಚಿತ್ರವನ್ನಾದರೂ ತೆಗೆದಿಟ್ಟುಕೊಳ್ಳಿ.

ಕಾಗದಗಳಲ್ಲಿ ನನಗೆ ಹೆಚ್ಚು ನೆರವಾದದ್ದು ಪಾಲುಪಟ್ಟಿ. ಅಣ್ಣತಮ್ಮಂದಿರು ಪಾಲಾಗುವಾಗ ಯಾರು ಯಾವ ತಾಯಿಯ ಮಗ ಎಂಬುದನ್ನು ಬರೆಯಲೇಬೇಕಾಗುತ್ತದೆ, ಹಾಗಾಗಿ ‘ಹಿರಿಯ ಹೆಂಡತಿಯ ಮಗ’ ಎಂಬ ಎರಡು ಮಾತಿನಲ್ಲಿ ಅವರ ಇರವು ಉಳಿದುಬಿಡುತ್ತದೆ. ಜಮೀನು ಇದ್ದವರಾದರೆ ಪೌತಿ ಖಾತೆಯ, ಎಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿದ, ಕಾಗದಗಳು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಸಿಗಬಹುದು. ಮರಣ ನೋಂದಣಿಯ ಈಗಿನ ಕಾಯ್ದೆ 1969ರದು, ಅದಕ್ಕೂ ಹಿಂದಿನ ರಿಜಿಸ್ಟರುಗಳು ಕೆಲವೆಡೆ ಉಳಿದಿವೆ, ಕೆಲವೆಡೆ ಗೆದ್ದಲಿನ ಪಾಲಾಗಿವೆ. ಉತ್ತರ ಕರ್ನಾಟಕದ ಹಳೆಯ ಕಾಗದಗಳು ಹಿಂದೆ ಮರಾಠಿಗೆ ಬಳಸುತ್ತಿದ್ದ ಮೋಡಿ ಲಿಪಿಯಲ್ಲಿದ್ದರೆ ಓದಬಲ್ಲವರನ್ನು ಹುಡುಕಬೇಕು. ಕ್ರೈಸ್ತರಿಗೆ ಚರ್ಚಿನ ಜ್ಞಾನಸ್ನಾನ, ಮದುವೆ, ಮರಣಗಳ ಪುಸ್ತಕಗಳಿವೆ. ಗಯಾ, ಪ್ರಯಾಗ, ತ್ರ್ಯಂಬಕಗಳಿಗೆ ಮನೆಯವರು ಎಂದಾದರೂ ಹೋಗಿದ್ದರೆ ಅಲ್ಲಿನ ಕ್ಷೇತ್ರ ಪುರೋಹಿತರ ಬಳಿ ಹೆಸರುಗಳು ಇದ್ದಾವು. ಹೆಳವರು ಬರುವ ಊರಿನವರು ನೀವಾದರೆ, ಎತ್ತಿನೊಂದಿಗೆ ಬಂದು ಮನೆತನದ ಪೀಳಿಗೆಗಳನ್ನು ಹಾಡಿ ಹೇಳುವ ಆ ವಂಶಾವಳಿಕಾರರನ್ನು ಕಾಳುಕಡಿ ಕೊಟ್ಟು ಬೇಗ ಕಳಿಸಿಬಿಡಬೇಡಿ. ಜಗುಲಿಯಲ್ಲಿ ಕೂರಿಸಿ, ಪೂರ್ತಿ ಹೇಳಿಸಿ. ಅವರದು ಮುಖ್ಯವಾಗಿ ಗಂಡು ಸಂತತಿಯ ಸಾಲಾದರೂ ಸಂತಾನವಿಲ್ಲದೆ ನಿಂತುಹೋದ ಹೆಸರನ್ನು ಬಿಡಿಸಿ ಕೇಳಿದರೆ ಹೇಳುವುದುಂಟು.

ಕೆಲವು ಸಾವುಗಳ ಬಗ್ಗೆ ಮನೆ ಬಾಯಿ ಬಿಡುವುದಿಲ್ಲ. ಬಾವಿಗೆ ಬಿದ್ದವರು, ಬಸುರಿಯಾಗಿದ್ದಾಗ ಹೋದವರು, ಆಸೆ ತೀರದೆ ಸತ್ತು ಕಾಡುತ್ತಾರೆಂದು ಜನ ಹೆದರುತ್ತಿದ್ದವರು ಬಹುತೇಕ ಎಳೆಯ ಪ್ರಾಯದವರೇ, ಅವರ ಹೆಸರೆತ್ತಬಾರದೆಂದು ಮಕ್ಕಳಿಗೆ ಹೇಳಿ ಬೆಳೆಸಿದ್ದಾರೆ. ಇಂಥಲ್ಲಿ ಸಾವನ್ನು ಕೆದಕುವುದನ್ನು ಬಿಟ್ಟು ಬದುಕನ್ನು ಕೇಳಬೇಕು: ಏನು ತಿನ್ನಲು ಇಷ್ಟಪಡುತ್ತಿದ್ದರು, ಹಾಡುತ್ತಿದ್ದರೆ, ಯಾರೊಂದಿಗೆ ಸಲುಗೆ ಇತ್ತು, ಕೈಕೆಲಸ ಏನು ಬರುತ್ತಿತ್ತು. ಸಾವಿನ ಕಾರಣ ತಿಳಿದರೂ, ಅದು ಬದುಕಿರುವ ಯಾರಿಗಾದರೂ ನೋವು ತರುವಂಥದ್ದಾದರೆ, ಸುಳ್ಳು ಕಾರಣ ಬರೆಯುವ ಬದಲು ಆ ಸಾಲನ್ನು ಖಾಲಿ ಬಿಡುವುದೇ ಸರಿಯೆಂದು ನನಗೆ ಅನಿಸುತ್ತದೆ.

ಸಿಕ್ಕಿದ್ದನ್ನು ಬರೆಯುವಾಗ ಒಂದು ಶಿಸ್ತು ಬೇಕು. ಕಡಿಮೆ ತಿಳಿದವರ ಬಗ್ಗೆ ಹೆಚ್ಚು ಬರೆಯುವ ಆಸೆ ಬಲವಾಗಿರುತ್ತದೆ, ‘ಸದ್ಗುಣಿಯೂ ಶಾಂತಸ್ವಭಾವದವರೂ ಆಗಿದ್ದರು’ ಎಂಬಂಥ ವಾಕ್ಯಗಳು ತಾವಾಗಿಯೇ ಬಂದು ಕೂರುತ್ತವೆ. ಅವನ್ನು ಹೊಡೆದುಹಾಕಿ. ಕಂಡದ್ದು, ಕೇಳಿದ್ದು, ಊಹಿಸಿದ್ದು ಬೇರೆ ಬೇರೆಯಾಗಿ ಇರಲಿ. ಕೇಳಿದ್ದರ ಮುಂದೆ ಹೇಳಿದವರ ಹೆಸರಿರಲಿ. ನಮ್ಮ ಆ ಮೊದಲ ಮುತ್ತಜ್ಜಿಯ ಬಗ್ಗೆ ನಾನು ಬರೆದದ್ದು ಒಂದೂವರೆ ಪುಟ, ಬಾಗಿಲು ಬಡಿಯುತ್ತಿದ್ದ ಮಗುವಿನ ಸಾಲು ಅದರಲ್ಲಿ ಅತ್ತೆ ಹೇಳಿದ ಮಾತಿನಲ್ಲೇ ಇದೆ. ಪಟ ಸಿಕ್ಕಿದರೆ ಚೌಕಟ್ಟಿನ ಗಾಜಿಗೆ ಅಂಟಿರುವುದನ್ನು ಕೀಳದೆ ಹಾಗೆಯೇ ಸ್ಕ್ಯಾನ್ ಮಾಡಿಸಿ, ಹಿಂಬದಿಯಲ್ಲಿ ಸ್ಟುಡಿಯೋದ ಮುದ್ರೆ ಇದ್ದರೆ ಅದರದ್ದೂ ಒಂದು ಚಿತ್ರ ಇರಲಿ. ಲ್ಯಾಮಿನೇಶನ್ ಮಾಡಿಸುವುದು, ಸೆಲ್ಲೋ ಟೇಪ್ ಹಚ್ಚುವುದು ಎರಡೂ ಬೇಡ. ಪಟವಿಲ್ಲದವರಿಗೆ ಯಾರನ್ನೋ ಹೋಲುವ ಚಿತ್ರ ಬರೆಸಿ ಹಾರ ಹಾಕುವುದನ್ನು ನಾನು ಒಪ್ಪುವುದಿಲ್ಲ, ಚೊಂಬು ಸಾಕು.

ನೆನೆಯಲು ದಿನ ಬೇಕೆಂದರೆ ನಮ್ಮ ರೂಢಿಯಲ್ಲಿ ಅದಕ್ಕೆ ಕೊರತೆಯಿಲ್ಲ. ಭಾದ್ರಪದ ಬಹುಳದ ಪಿತೃಪಕ್ಷದಲ್ಲಿ ನವಮಿಯು ಮುತ್ತೈದೆಯಾಗಿ ಹೋದವರಿಗೆ ಮೀಸಲಾದ ಅವಿಧವಾ ನವಮಿ, ಚತುರ್ದಶಿಯು ಆಯುಧದಿಂದಲೋ ಅಪಘಾತದಿಂದಲೋ ಹೋದವರದು, ತಿಥಿಯೇ ತಿಳಿಯದವರಿಗೆ ಅಮಾವಾಸ್ಯೆ. ಹಳೆಯ ಮೈಸೂರಿನ ಊರುಗಳಲ್ಲಿ ಹಿರಿಯರಿಗೆ ಎಡೆ ಇಡುವಾಗ ಹೋದವರು ಇಷ್ಟಪಡುತ್ತಿದ್ದುದನ್ನೇ ಮಾಡಿ ಬಡಿಸುತ್ತಾರೆ, ಮಗುವಾಗಿ ಹೋದವರಿಗೆ ಮಿಠಾಯಿ ಇಡುವವರಿದ್ದಾರೆ. ತುಳುನಾಡಿನಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಕುಲೆಗಳಿಗೆ, ಎಂದರೆ ತೀರಿಹೋದವರ ಆತ್ಮಗಳಿಗೆ, ಬಡಿಸುವ ಕ್ರಮವಿದೆ, ಅವಿವಾಹಿತರಾಗಿ ಹೋದವರಿಗೆ ತಕ್ಕ ಸಂಬಂಧ ನೋಡಿ, ಬಳಿಯನ್ನು (ತಾಯಿಯ ಕಡೆಯಿಂದ ಬರುವ ಕುಲವನ್ನು) ವಿಚಾರಿಸಿ, ಸೀರೆ ಕೊಟ್ಟು ಊಟ ಹಾಕಿ ಪ್ರೇತ ಮದುವೆ ಮಾಡುವುದೂ ಇದೆ. ಎಳೆಯರಾಗಿ ಹೋದ ಮಕ್ಕಳು ಅಲ್ಲೇ ಎಲ್ಲೋ ಬೆಳೆಯುತ್ತಾ ಇರುತ್ತಾರೆ, ಮದುವೆಯ ವಯಸ್ಸಿಗೆ ಬರುತ್ತಾರೆ ಎಂಬ ಆ ನಂಬಿಕೆಯಲ್ಲಿ ಎಷ್ಟು ಕಕ್ಕುಲತೆಯಿದೆ ಎಂದು ಅದನ್ನು ಹತ್ತಿರದಿಂದ ಕಂಡವರಿಗೆ ಗೊತ್ತು. ಕ್ರೈಸ್ತರು ನವೆಂಬರ್ 2ರಂದು ಸಮಾಧಿಗಳಿಗೆ ಹೋಗಿ ದೀಪ ಹಚ್ಚುತ್ತಾರೆ.

ಬರೆದು ಮುಗಿದ ಮೇಲೆ ಅದರ ಒಂದು ಪ್ರತಿಯನ್ನು ಅವರ ತವರಿನವರಿಗೆ ತಲುಪಿಸಿ. ಚೊಂಬಿನ ಮೇಲಿದ್ದ ಆ ಒಂದು ಅಕ್ಷರವನ್ನು ಹಿಡಿದು ನಾನು ಹೋದ ಊರಿನಲ್ಲಿ ಅವರ ತಮ್ಮನ ಮೊಮ್ಮಗ ಸಿಕ್ಕಿದರು. ‘ನಮ್ಮ ತಾತನ ಅಕ್ಕ ಒಬ್ಬರನ್ನು ಮೈಸೂರ ಕಡೆಗೆ ಕೊಟ್ಟಿತ್ತಂತೆ, ಆಮೇಲೆ ಸುದ್ದಿಯೇ ಇಲ್ಲ ಅನ್ನುತ್ತಿದ್ದರು’ ಎಂದು ಅವರು ಒಳಗೆ ಹೋಗಿ ತಾಯಿಯನ್ನು ಕರೆದರು.