ಕೋಡ್ ಬರದವರು ಲಿಬ್ರೆಆಫೀಸ್‌ಗೆ ಏನು ಮಾಡಬಹುದು?

ಸಾಗರದ ನನ್ನ ಡಿಟಿಪಿ ಅಂಗಡಿಯಲ್ಲಿ ಗೃಹಪ್ರವೇಶದ ಕಾಗದದಿಂದ ಅಡಿಕೆ ಮಂಡಿ ಬಿಲ್ಲಿನವರೆಗೆ ಎಲ್ಲಾ ಉಚಿತ ಆಫೀಸ್ ತಂತ್ರಾಂಶ ಲಿಬ್ರೆಆಫೀಸ್‌ನಲ್ಲೇ. ಕೋಡ್ ನನಗೆ ಬರಲ್ಲ. ಆದರೆ ಪಿಡಿಎಫ್‌ನಲ್ಲಿ ಅರ್ಕಾವತ್ತು ಜಾಗ ತಪ್ಪಿದರೆ ಥಟ್ಟನೆ ಕಣ್ಣಿಗೆ ಬೀಳತ್ತೆ. ಅದನ್ನು ಸರಿಯಾಗಿ ವರದಿ ಮಾಡೋದೂ ಕೆಲಸವೇ.

ಮೊದಲು ಹೊಸ ಆವೃತ್ತಿ ಹಾಕಿ ನೋಡಿ. ನಮ್ಮ ಸೆಟ್ಟಿಂಗ್ ಬದಿಗಿಟ್ಟು ತೆರೆಯೋ, ಹೆಲ್ಪ್ ಮೆನುವಿನ ಸೇಫ್ ಮೋಡ್‌ನಲ್ಲೂ ಹಾಗೇ ಬಂದರೆ, ತಪ್ಪುಗಳನ್ನು ವರದಿ ಮಾಡೋ ಜಾಲತಾಣ ಬಗ್‌ಜಿಲ್ಲಾದಲ್ಲಿ ಯಾರಾದರೂ ಆಗಲೇ ಹೇಳಿದ್ದಾರಾ ಹುಡುಕಿ. ಇಲ್ಲದಿದ್ದರೆ ಮಾತ್ರ ಹೊಸ ವರದಿ.

ಗಿರಾಕಿಯ ಇಡೀ ಆಮಂತ್ರಣ ಲಗತ್ತಿಸಬೇಡಿ, ಫೋನ್ ನಂಬರೆಲ್ಲ ಊರಿಗೇ ಕಾಣತ್ತೆ. ಹೊಸ ಫೈಲಿನಲ್ಲಿ ‘ತೀರ್ಥಹಳ್ಳಿ’ ಅಂತ ಒಂದೇ ಪದ ಬರೆಯಿರಿ, ಸಾಕು. ಆ ಓಡಿಟಿ (ಲಿಬ್ರೆಆಫೀಸ್ ಬರಹದ) ಫೈಲು, ಕೆಟ್ಟ ಪಿಡಿಎಫ್, ಸರಿ ರೂಪದ ಚಿತ್ರ ಮೂರೂ ಬೇಕು. ಫಾಂಟಿನ ಹೆಸರು ಬರೀಲೇಬೇಕು. ತಿದ್ದುವವರಿಗೆ ಕನ್ನಡ ಓದೋಕೆ ಬರದೇ ಇರಬಹುದು, ತಪ್ಪಿಗೆ ಕೆಂಪು ಸುತ್ತು ಹಾಕಿ. ಹೆಲ್ಪ್ ಮೆನುವಿನ ಅಬೌಟ್‌ನಲ್ಲಿ ಆವೃತ್ತಿಯ ವಿವರ ಕಾಪಿ ಮಾಡೋ ಗುಂಡಿ ಇದೆ, ಹಾಗೇ ಅಂಟಿಸಿ.

ವರದಿ ‘ಅನ್‌ಕನ್ಫರ್ಮ್ಡ್’ (ಇನ್ನೂ ಖಚಿತವಾಗಿಲ್ಲ) ಅಂತ ಕೂತಿರತ್ತೆ. ಇನ್ನೊಬ್ಬರಿಗೆ ತಮ್ಮ ಕಂಪ್ಯೂಟರಿನಲ್ಲೂ ಅದೇ ಕಂಡರೆ ‘ನ್ಯೂ’ (ಖಚಿತವಾಗಿದೆ) ಅಂತ ಮಾಡ್ತಾರೆ. ಆ ಇನ್ನೊಬ್ಬರು ನೀವೂ ಆಗಬಹುದು. ಮಳೆಗಾಲದಲ್ಲಿ ಗಿರಾಕಿ ಕಮ್ಮಿ, ಕರೆಂಟ್ ಇದ್ದ ಹೊತ್ತಲ್ಲಿ ನಾನು ಮಾಡೋದು ಅದನ್ನೇ. ಹುಡುಕುವ ಕಡೆ ಇಂಗ್ಲಿಷ್ ಅಕ್ಷರದಲ್ಲಿ ‘ಕನ್ನಡ’ ಅಂತ ಹಾಕಿ ಶುರುಮಾಡಿ.